ಬೇಸ್‌ಮೆಂಟಿನಿಂದ ಮ್ಯೂಸಿಯಂವರೆಗೆ

(ಜರ್ಸಿ ಸಿಟಿಯಲ್ಲಿ ಕನ್ನಡ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ನಾನು ಕಲಾವಿದನಲ್ಲ, ವಿಮರ್ಶಕನಂತೂ ಅಲ್ಲವೇ ಅಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ನೋಡಿಕೊಳ್ಳುವುದು ಡೇಟಾಬೇಸು. ಮ್ಯೂಸಿಯಂ ಬಗ್ಗೆ ಮಾತಾಡಲು ನನ್ನನ್ನು ಯಾಕೆ ನಿಲ್ಲಿಸಿದ್ದಾರೆ ಅನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ನಮ್ಮ ನಡುವಿನ ಹಿರಿಯರೊಬ್ಬರು ನಲವತ್ತು ವರ್ಷಗಳಿಂದ ಕೂಡಿಟ್ಟುಕೊಂಡು ಬಂದ 140 ವಸ್ತುಗಳಿವೆ. ಮೈಸೂರು ಶೈಲಿಯ ಚಿತ್ರಗಳು, ಎರಡು ಪೆಟ್ಟಿಗೆ ಗಂಜೀಫಾ ಎಲೆಗಳು, ತೊಗಲುಗೊಂಬೆಗಳು, ಕಿನ್ನಾಳದ ಬಣ್ಣದ ಗೊಂಬೆಗಳು, ಕೌದಿಗಳು, ಒಂದಷ್ಟು ಹಿತ್ತಾಳೆ ದೀಪಗಳು. ಅವರಿಗೀಗ ಎಪ್ಪತ್ತೆಂಟು. ಮಕ್ಕಳಿಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿದ್ದಾರೆ. ಬರುವ ಬೇಸಿಗೆಗೆ ಮನೆ ಮಾರುವುದೆಂದು ತೀರ್ಮಾನವಾಗಿದೆ. "ನೀವು ಹುಡುಗರು ಮನಸ್ಸು ಮಾಡಿದರೆ ಒಂದು ಕನ್ನಡ ಮ್ಯೂಸಿಯಂ ಆಗತ್ತೆ ಕಣಯ್ಯ. ಮೊದಲು ನೀನೊಂದು ವೆಬ್‌ಸೈಟು ಮಾಡಿಕೊಡು" ಎಂದು ಅವರು ನನಗೆ ಹೇಳಿದರು.

ವೆಬ್‌ಸೈಟು ಒಂದು ವೀಕೆಂಡಿನ ಕೆಲಸ. ಒಬ್ಬರ ಮನೆಯ ಸಂಗ್ರಹ ಊರಿನ ಆಸ್ತಿಯಾಗುವುದು ಹೇಗೆ ಅನ್ನುವ ಪ್ರಶ್ನೆ ಮಾತ್ರ ಆರು ತಿಂಗಳು ತಲೆ ತಿಂದಿತು. ಓದಿದ್ದು, ಹೋಗಿ ನೋಡಿದ್ದು, ಕೇಳಿದ್ದು ಎಲ್ಲ ಸೇರಿಸಿ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ತಯಾರಾಗಿರಬಹುದು: ನಾವು ಕಟ್ಟಡದ ಮಾತನ್ನು ಈಗಲೇ ಬಿಡಬೇಕು. ಬೇಕಾಗಿರುವುದು ಒಂದು ದಾನಪತ್ರ, ಒಂದು ಸರಿಯಾದ ಪಟ್ಟಿ, ಮತ್ತು ಆ ಪಟ್ಟಿಯಲ್ಲಿ ಕನ್ನಡ.

ಹೀಗೆ ಹೇಳುವುದಕ್ಕೆ ಕಾರಣವಾದ ಕತೆ ಇಲ್ಲಿಂದ ಒಂದು ಗಂಟೆಯ ದೂರದಲ್ಲಿದೆ. ಪಾಥ್ ರೈಲಿನಲ್ಲಿ 33ನೇ ಬೀದಿಗೆ ಹೋಗಿ, ಸ್ವಲ್ಪ ನಡೆದು 1ನೇ ನಂಬರಿನ ಸಬ್‌ವೇ ಹಿಡಿದು, 110ನೇ ಬೀದಿಯಲ್ಲಿ ಇಳಿದರೆ ಪಕ್ಕದ 107ನೇ ಬೀದಿಯಲ್ಲಿ ಒಂದು ಹಳೆಯ ಮನೆ ಸಿಗುತ್ತದೆ. ಅದು ನಿಕೊಲಸ್ ರೋರಿಕ್ ಮ್ಯೂಸಿಯಂ. ರೋರಿಕ್ ಎಂದ ಕೂಡಲೇ ಬೆಂಗಳೂರಿನವರ ಕಿವಿ ನೆಟ್ಟಗಾಗುತ್ತದೆ. ಹೌದು, ಅವರೇ. ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರ ಜೊತೆ ಬಾಳಿದ ಸ್ವೆತೊಸ್ಲಾವ್ ರೋರಿಕರ ತಂದೆ. ತಂದೆಯ ಹೆಸರಿನ ಮ್ಯೂಸಿಯಂ ನಮ್ಮ ಈಗಿನ ಊರಿನ ಹತ್ತಿರ, ಮಗನ ಎಸ್ಟೇಟು ನಮ್ಮ ಹಿಂದಿನ ಊರಿನ ಹತ್ತಿರ. ಎರಡು ಕಡೆಯೂ ಸಂಗ್ರಹ ಒಬ್ಬರ ಕೈಯಿಂದ ಎಲ್ಲರ ಕೈಗೆ ಬರುವ ಹೊತ್ತಿನಲ್ಲಿ ಕೋರ್ಟು ಹತ್ತಬೇಕಾಯಿತು.

ಮೊದಲು ತಂದೆಯ ಕತೆ. ನಿಕೊಲಸ್ ರೋರಿಕ್ ರಷ್ಯಾದವರು, 1920ರಲ್ಲಿ ಅಮೆರಿಕಕ್ಕೆ ಬಂದರು. ಲೂಯಿ ಹಾರ್ಚ್ ಎಂಬ ಹಣವಂತ ಅವರ ಚಿತ್ರಗಳಿಗೆ ಮಾರುಹೋಗಿ ದುಡ್ಡು ಸುರಿದ. ರಿವರ್‌ಸೈಡ್ ಡ್ರೈವಿನಲ್ಲಿ 1920ರ ದಶಕದಲ್ಲೇ ರೋರಿಕ್ ಮ್ಯೂಸಿಯಂ ಶುರುವಾಯಿತು. 1929ರಲ್ಲಿ ಅದೇ ಜಾಗದಲ್ಲಿ ಮಾಸ್ಟರ್ ಬಿಲ್ಡಿಂಗ್ ಎಂಬ ಗಗನಚುಂಬಿ ಎದ್ದಿತು. ಕೆಳಗಿನ ಮಹಡಿಗಳಲ್ಲಿ ಮ್ಯೂಸಿಯಂ, ಮೇಲೆ ಬಾಡಿಗೆ ಮನೆಗಳು. ಹಡ್ಸನ್ ನದಿಯ ಈಚೆಗೆ ನಿಂತರೆ ಇವತ್ತೂ ಆ ಕಟ್ಟಡ ಕಾಣುತ್ತದೆ. ಒಬ್ಬನೇ ಕಲಾವಿದನ ಹೆಸರಿನಲ್ಲಿ ಒಂದು ಗಗನಚುಂಬಿ! ಇದಕ್ಕಿಂತ ಭದ್ರವಾದ ನೆಲೆ ಇನ್ನೇನಿದ್ದೀತು ಎಂದು ಆಗಿನವರು ಅಂದುಕೊಂಡಿದ್ದರೆ ಅಚ್ಚರಿಯಿಲ್ಲ.

1935ರಲ್ಲಿ ಹಾರ್ಚ್ ತಿರುಗಿಬಿದ್ದ. ಮ್ಯೂಸಿಯಮ್ಮಿನ ಟ್ರಸ್ಟಿಗಳ ಷೇರುಗಳು ತನ್ನ ಹೆಸರಿಗೆ ಬಂದಿವೆ, ಹಾಗಾಗಿ ಸಂಸ್ಥೆ ತನ್ನದು ಎಂದ. ಉಳಿದ ಟ್ರಸ್ಟಿಗಳು ಕೋರ್ಟಿಗೆ ಹೋದರು, ಸೋತರು. 1938ರ ಹೊತ್ತಿಗೆ ಚಿತ್ರಗಳನ್ನು ಆ ಕಟ್ಟಡದಿಂದ ತೆಗೆದಾಗಿತ್ತು, ಮ್ಯೂಸಿಯಮ್ಮಿನ ಹೆಸರೂ ಬದಲಾಗಿತ್ತು. ಇದರಲ್ಲಿ ಒಂದು ವಿಪರ್ಯಾಸ ನೋಡಿ. ಯುದ್ಧಕಾಲದಲ್ಲಿ ಮ್ಯೂಸಿಯಂ, ಶಾಲೆ, ಸ್ಮಾರಕಗಳನ್ನು ಯಾರೂ ಮುಟ್ಟಬಾರದು ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ದುಡಿದವರು ಇದೇ ರೋರಿಕ್. ರೋರಿಕ್ ಒಪ್ಪಂದ ಎಂದೇ ಅದಕ್ಕೆ ಹೆಸರು. ಅಮೆರಿಕದ ಶ್ವೇತಭವನದಲ್ಲಿ ಅದಕ್ಕೆ ಸಹಿ ಬಿದ್ದಿದ್ದು 1935ರ ಏಪ್ರಿಲ್ 15ರಂದು. ಬಾಂಬಿನಿಂದ ಮ್ಯೂಸಿಯಂ ಉಳಿಸಲು ಹೊರಟವರ ಸ್ವಂತ ಮ್ಯೂಸಿಯಂ ಅದೇ ವರ್ಷ ಒಳಗಿನ ಕಾಗದಪತ್ರದಿಂದ ಕೈಬಿಡಲು ಶುರುವಾಯಿತು.

ಈಗ 107ನೇ ಬೀದಿಯಲ್ಲಿರುವುದು ಎರಡನೇ ಹುಟ್ಟು. ಉಳಿದ ಅಭಿಮಾನಿಗಳು 1949ರಲ್ಲಿ ಆ ಮನೆಯಲ್ಲಿ ಮತ್ತೆ ಬಾಗಿಲು ತೆರೆದರು. ಟಿಕೆಟ್ಟಿಲ್ಲ. ಗೋಡೆ ತುಂಬಾ ಹಿಮಾಲಯದ ನೀಲಿ, ನೇರಳೆ ಬಣ್ಣದ ಬೆಟ್ಟಗಳು. ನನಗೆ ಆ ಚಿತ್ರಗಳಿಗಿಂತ ಆ ಮನೆಯ ಮರದ ಮೆಟ್ಟಿಲೇ ಹೆಚ್ಚು ಇಷ್ಟವಾಯಿತು ಅಂದರೆ ಕಲಾಪ್ರಿಯರು ಕ್ಷಮಿಸಬೇಕು.

ಇನ್ನು ಮಗನ ಕತೆ. ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ 1945ರಲ್ಲಿ ಮದುವೆಯಾದರು, ಕೆಲವು ವರ್ಷಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 'ಅಚ್ಛೂತ್ ಕನ್ಯಾ'ದ ನಾಯಕಿ, ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು, ತಾತಗುಣಿಯ ತೋಟದಲ್ಲಿ ಲಿನಾಲೋ ಮರಗಳ ನಡುವೆ ಬಾಳಿದರು. ಆ ಮರದಿಂದ ಸುಗಂಧದ ಎಣ್ಣೆ ತೆಗೆಯುತ್ತಾರೆ. ಎಸ್ಟೇಟು ಸುಮಾರು 470 ಎಕರೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅಪ್ಪನ ಚಿತ್ರಗಳು, ಮಗನ ಚಿತ್ರಗಳು, ಕಲಾವಸ್ತುಗಳು, ಒಡವೆಗಳು. ರೋರಿಕ್ 1993ರ ಜನವರಿಯಲ್ಲಿ ತೀರಿಕೊಂಡರು, ದೇವಿಕಾ ರಾಣಿ 1994ರ ಮಾರ್ಚಿನಲ್ಲಿ.

ಆಮೇಲೆ ಏನಾಯಿತು ಎಂದು ಆಗ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬೇಕು. ಜಮೀನಿನ ಒಂದು ಭಾಗವನ್ನು ತನಗೆ ಮಾರಿದ್ದಾರೆ ಎಂದು ಒಂದು ಕಂಪನಿ. ಉಯಿಲು, ಪತ್ರ, ಸಹಿ ಎಂದು ಹಲವರು. 1996ರಲ್ಲಿ ಕರ್ನಾಟಕ ಸರ್ಕಾರ ಈ ಒಂದು ಎಸ್ಟೇಟಿಗಾಗಿಯೇ ಒಂದು ಕಾಯಿದೆ ಮಾಡಿ ಅದನ್ನು ವಶಕ್ಕೆ ತೆಗೆದುಕೊಂಡಿತು. ಮರಗಳನ್ನೂ ಚಿತ್ರಗಳನ್ನೂ ಕಾಪಾಡುವುದು, ಅಲ್ಲಿ ಕಲಾ ಗ್ಯಾಲರಿ ಮತ್ತು ಮ್ಯೂಸಿಯಂ ಮಾಡುವುದು ಆ ಕಾಯಿದೆಯ ಉದ್ದೇಶ. ಅದು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2011ರ ಆಗಸ್ಟ್ 9ರಂದು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಕೆ.ಟಿ. ಪ್ಲಾಂಟೇಶನ್ ಪ್ರಕರಣ ಎಂದು ಕಾನೂನು ಓದುವ ಮಕ್ಕಳು ಅದನ್ನು ಇವತ್ತೂ ಓದುತ್ತಾರೆ, ಆಸ್ತಿ ಹಕ್ಕಿನ 300ಎ ವಿಧಿಯ ಪಾಠದಲ್ಲಿ. ದೇವಿಕಾ ರಾಣಿ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದವು.

ಹದಿನೇಳು ವರ್ಷದಲ್ಲಿ ಕ್ಯಾನ್ವಾಸಿಗೆ ಏನಾಗುತ್ತದೆ, ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಿದ ಮನೆಯೊಳಗೆ ಕಾಗದಕ್ಕೆ ಏನಾಗುತ್ತದೆ, ನೀವೇ ಊಹಿಸಿ.

ಆದರೆ ಇದೇ ಮಗ ಬದುಕಿದ್ದಾಗ ಇನ್ನೊಂದು ಕೆಲಸ ಮಾಡಿದ್ದರು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಮ್ಮ ಮತ್ತು ತಂದೆಯ ಚಿತ್ರಗಳಲ್ಲಿ ಕೆಲವನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕೊಟ್ಟರು. ಕುಮಾರಕೃಪಾ ರಸ್ತೆಯ ರೋರಿಕ್ ಗ್ಯಾಲರಿಗಳಲ್ಲಿ ಇರುವುದು ಅವೇ. ಚಿತ್ರಸಂತೆಗೆ ಹೋದವರೆಲ್ಲ ಆ ಬಾಗಿಲ ಮುಂದೆ ಹಾದುಹೋಗಿದ್ದೀರಿ. ಒಬ್ಬನೇ ಮನುಷ್ಯ, ಒಂದೇ ಕುಂಚ. ಬದುಕಿದ್ದಾಗ, ಒಂದು ನಡೆಯುವ ಸಂಸ್ಥೆಗೆ, ಇದು ಇಷ್ಟು ಎಂದು ಕೊಟ್ಟಿದ್ದನ್ನು ಶಾಲಾಮಕ್ಕಳು ನೋಡುತ್ತಿದ್ದಾರೆ. ಆಮೇಲೆ ನೋಡಿದರಾಯಿತು ಎಂದು ಮನೆಯಲ್ಲಿ ಉಳಿದದ್ದು ಕೋರ್ಟು ನೋಡಿತು.

ಪರಿಷತ್ತಿನ ಮಾತು ಬಂದದ್ದರಿಂದ ಇನ್ನೆರಡು ವಾಕ್ಯ. 1960ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನು ಹುಡುಕಿ ತಂದು ಕೂಡಿಟ್ಟವರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಸಂಗ್ರಹ ಕೊಟ್ಟರು. ಮ್ಯಾನ್‌ಹಟನ್ನಿನಲ್ಲಿ ದಶಕಗಳ ಕಾಲ ಬಾಳಿದ, 2018ರಲ್ಲಿ ತೀರಿಕೊಂಡ ಮುದ್ರಣ ಕಲಾವಿದ ಕೃಷ್ಣ ರೆಡ್ಡಿಯವರ ಹೆಸರಿನಲ್ಲೂ ಅಲ್ಲೊಂದು ಗ್ಯಾಲರಿಯಿದೆ. ಅಂದರೆ ನಮ್ಮ ನದಿಯ ಆಚೆ ದಡದಲ್ಲಿದ್ದವರ ಹೆಸರು ಕುಮಾರಕೃಪಾ ರಸ್ತೆ ಸೇರಿದೆ. ದಾರಿ ಹೊಸದೇನಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿ ಎಲ್ಲರೂ ಫ್ರಿಕ್ ಮ್ಯೂಸಿಯಂ ನೋಡಿದ್ದೀರಿ, ಫಿಫ್ತ್ ಅವೆನ್ಯೂ ಮೇಲೆ. ಹೆನ್ರಿ ಕ್ಲೇ ಫ್ರಿಕ್ 1919ರಲ್ಲಿ ಸತ್ತ. 1892ರ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರವನ್ನು ಬಂದೂಕಿನವರನ್ನು ಕರೆಸಿ ಮುರಿಯಲು ಹೊರಟ ಮನುಷ್ಯ. ಅವನ ಮೇಲೆ ನನಗೆ ಗೌರವವೇನಿಲ್ಲ. ಆದರೆ ಅವನ ಉಯಿಲು ಮಾತ್ರ ಇಂಜಿನಿಯರ್ ಬರೆದಂತಿದೆ. ಮನೆ, ಚಿತ್ರಗಳು ಸಾರ್ವಜನಿಕರಿಗೆ. ಹೆಂಡತಿ ಬದುಕಿರುವ ತನಕ ಆ ಮನೆಯಲ್ಲಿ ಇರಬಹುದು. ನಡೆಸಲು 1.5 ಕೋಟಿ ಡಾಲರು ದತ್ತಿನಿಧಿ. ಹೆಂಡತಿ 1931ರಲ್ಲಿ ತೀರಿಕೊಂಡರು, 1935ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅತ್ತ ರೋರಿಕ್ ಮ್ಯೂಸಿಯಂ ಕೈತಪ್ಪತೊಡಗಿದ ಅದೇ 1935!

ದತ್ತಿನಿಧಿ ಎಂಬುದು ಅಮೆರಿಕದ ಸೊತ್ತು ಎಂದು ತಿಳಿಯಬೇಡಿ. ನಮ್ಮ ದಾನಶಾಸನಗಳನ್ನು ನೋಡಿ. ದೇವಸ್ಥಾನ ಕಟ್ಟಿಸಿದೆ ಎಂದಷ್ಟೇ ಹೇಳಿ ಕಲ್ಲುಕುಟಿಗ ನಿಲ್ಲಿಸುವುದಿಲ್ಲ. ನಂದಾದೀವಿಗೆಯ ಎಣ್ಣೆಗೆ ಇಷ್ಟು ಭೂಮಿ, ಆ ಭೂಮಿಯ ಮೂಡಲಿಗೆ ಯಾವ ಕೆರೆ, ಪಡುವಲಿಗೆ ಯಾರ ಹೊಲ, ನೋಡಿಕೊಳ್ಳುವವರು ಯಾರು, ಸಾಕ್ಷಿ ಯಾರು, ಕೆಡಿಸಿದವನಿಗೆ ಯಾವ ಪಾಪ, ಎಲ್ಲವನ್ನೂ ಬರೆಯುತ್ತಾರೆ. ಸಾವಿರ ವರ್ಷದ ಹಿಂದೆಯೇ ದೀಪದ ದುಡ್ಡಿಗೂ ಗುಡಿಯ ದುಡ್ಡಿಗೂ ವ್ಯತ್ಯಾಸ ತಿಳಿದಿದ್ದ ಜನ ನಾವು. ಈಗ ಸಂಘದ ಮೀಟಿಂಗಿನಲ್ಲಿ ಕಟ್ಟಡದ ನಿಧಿಗೆ ಕೈ ಎತ್ತುವವರು ಇಪ್ಪತ್ತು ಜನ, ಕರೆಂಟು ಬಿಲ್ಲಿಗೆ ಒಬ್ಬರೂ ಇಲ್ಲ.

ಕರೆಂಟು ಬಿಲ್ಲು ಕಟ್ಟದಿದ್ದರೆ ಏನಾಗುತ್ತದೆ? ಜರ್ಸಿ ಸಿಟಿಯಲ್ಲೇ ಉದಾಹರಣೆ ಇದೆ. ಜರ್ಸಿ ಸಿಟಿ ಮ್ಯೂಸಿಯಂ 1901ರಲ್ಲಿ ನಮ್ಮ ಸಾರ್ವಜನಿಕ ಲೈಬ್ರರಿಯ ಮೇಲಿನ ಮಹಡಿಯಲ್ಲಿ ಶುರುವಾಯಿತು. ನೂರು ವರ್ಷ ಅಲ್ಲೇ ಬಾಳಿತು. 2001ರಲ್ಲಿ ಮಾಂಟ್‌ಗೊಮರಿ ಸ್ಟ್ರೀಟಿನ ಸ್ವಂತ ಕಟ್ಟಡಕ್ಕೆ ಹೋಯಿತು. 2010ರ ಕೊನೆಗೆ ಮುಚ್ಚಿತು. ಲೈಬ್ರರಿಯ ಅಟ್ಟದಲ್ಲಿ ಒಂದು ಶತಮಾನ ಉಳಿದದ್ದು ಸ್ವಂತ ಮನೆ ಕಟ್ಟಿಕೊಂಡ ಹತ್ತು ವರ್ಷಕ್ಕೆ ದುಡ್ಡಿಲ್ಲದೆ ಬಾಗಿಲು ಹಾಕಿತು. ಅದರ ಸಂಗ್ರಹ ಹೋಗಿ ಸೇರಿದ್ದು ನ್ಯೂ ಬ್ರನ್ಸ್‌ವಿಕ್ಕಿನ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಮ್ಮರ್ಲಿ ಮ್ಯೂಸಿಯಮ್ಮನ್ನು. ಅದೇ ಜಿಮ್ಮರ್ಲಿಗೆ ನಾರ್ಟನ್ ಡಾಜ್ ಎಂಬ ಅರ್ಥಶಾಸ್ತ್ರಜ್ಞ ಸೋವಿಯತ್ ಕಾಲದ ಬಂಡಾಯ ಕಲಾವಿದರ ಸುಮಾರು 20,000 ಕೃತಿಗಳನ್ನು 1991ರಲ್ಲಿ ಕೊಟ್ಟಿದ್ದ. ಮೇಷ್ಟ್ರ ಕೆಲಸ ಮಾಡಿಕೊಂಡು, ರಷ್ಯಾಕ್ಕೆ ಹೋಗಿಬಂದು, ಕದ್ದುಮುಚ್ಚಿ ಕೂಡಿಹಾಕಿದ ಸಂಗ್ರಹ. ಅವನೂ ತನ್ನ ಹೆಸರಿನ ಕಟ್ಟಡ ಎಬ್ಬಿಸಬಹುದಿತ್ತು. ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಎಲ್ಲಿದ್ದಾರೋ ಅಲ್ಲಿಗೆ ಕೊಟ್ಟ.

ದುಡ್ಡಿದ್ದರೂ ಕಟ್ಟಡ ಖಾತ್ರಿಯಿಲ್ಲ. ಮ್ಯಾನ್‌ಹಟನ್ನಿನ 17ನೇ ಬೀದಿಯ ರೂಬಿನ್ ಮ್ಯೂಸಿಯಂ ನೆನಪಿದೆಯಲ್ಲ? ರೂಬಿನ್ ದಂಪತಿಗಳ ಹಿಮಾಲಯದ ಕಲೆಯ ಖಾಸಗಿ ಸಂಗ್ರಹದಿಂದ 2004ರಲ್ಲಿ ಹುಟ್ಟಿದ್ದು. ನಮ್ಮಲ್ಲಿ ಎಷ್ಟೋ ಜನ ಊರಿನಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಆ ಕಟ್ಟಡ 2024ರ ಅಕ್ಟೋಬರಿನಲ್ಲಿ ಮುಚ್ಚಿತು. ಸಂಸ್ಥೆ ಸ್ವಂತ ಬಾಗಿಲಿಲ್ಲದೆ, ಬೇರೆ ಕಡೆ ಪ್ರದರ್ಶನಕ್ಕೆ ಕೊಡುತ್ತಾ ಮುಂದುವರೆಯುವ ದಾರಿ ಹಿಡಿಯಿತು. ಅವರಿಗೇ ಹೀಗಾದರೆ, 140 ವಸ್ತು ಹಿಡಿದುಕೊಂಡು ಎಡಿಸನ್ನಿನಲ್ಲೋ ಜರ್ನಲ್ ಸ್ಕ್ವೇರಿನಲ್ಲೋ ಜಾಗ ಹುಡುಕುವ ನಾವು ಯಾವ ಲೆಕ್ಕ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸಾರ್ವಜನಿಕ ಎಂದರೆ ಏನು? ಟಿಕೆಟ್ಟು ಕೊಟ್ಟು ಒಳಗೆ ಬಿಟ್ಟರೆ ಸಾರ್ವಜನಿಕವೇ? ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಪಾಠ ಇದೆ.

ಮೈಸೂರಿನ ಜಗನ್ಮೋಹನ ಅರಮನೆ 1861ರಲ್ಲಿ ಅರಸರ ಬಳಕೆಗೆ ಕಟ್ಟಿದ್ದು. 1915ರಲ್ಲಿ ಅಲ್ಲಿ ಚಿತ್ರಶಾಲೆ ಶುರುವಾಯಿತು. ನಾಲ್ವಡಿಯವರ ಕಾಲ. ಮುಂದೆ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು. ನಮ್ಮ ಅಜ್ಜಿಯಂಥವರು ರವಿವರ್ಮನನ್ನು, ಹಲ್ದಂಕರರ ದೀಪ ಹಿಡಿದ ಹೆಂಗಸನ್ನು ಮೊದಲು ನೋಡಿದ್ದು ಅಲ್ಲೇ. ಅರಸರು ಕೊಟ್ಟರು, ಜನ ನೋಡಿದರು. ಹೇಗೆ ತೂಗುಹಾಕಬೇಕು ಎಂದು ಯಾರೂ ಜನರನ್ನು ಕೇಳಲಿಲ್ಲ, ಜನರೂ ಕೇಳಬಹುದೆಂದು ಅಂದುಕೊಳ್ಳಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕತೆ ಬೇರೆ. ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪ 1965ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗಾಗಿ ಸರ್ಕಾರ ಕಟ್ಟಿಸಿದ ಗ್ಯಾಲರಿ 1975ರಲ್ಲಿ ತೆರೆಯಿತು. ಕೆ.ಕೆ. ಹೆಬ್ಬಾರರ ಕೃತಿಗಳೂ ಅಲ್ಲಿವೆ. ನಿರ್ವಹಣೆ ಹೇಳಿಕೊಳ್ಳುವಂತಿರಲಿಲ್ಲ, ಸೋರುತ್ತಿತ್ತು ಎಂಬ ದೂರು ಇದ್ದೇ ಇತ್ತು. ಆದರೂ ಕಡಿಮೆ ಬಾಡಿಗೆಗೆ ಎಳೆಯ ಕಲಾವಿದರು ಪ್ರದರ್ಶನ ಮಾಡಬಹುದಾದ ಜಾಗ ಅದು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ದತ್ತು ಯೋಜನೆಯಡಿ ಈ ಗ್ಯಾಲರಿಯನ್ನು ತಸ್ವೀರ್ ಫೌಂಡೇಶನ್ನಿಗೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಅದರ ಹಿಂದಿದ್ದವರು ಉದ್ಯಮಿ, ಕಲಾಸಂಗ್ರಾಹಕ ಅಭಿಷೇಕ್ ಪೊದ್ದಾರ್. ಕಲಾವಿದರು ಬೀದಿಗಿಳಿದರು. ನಮ್ಮದನ್ನು ನಮ್ಮನ್ನು ಕೇಳದೆ ಕೊಟ್ಟಿದ್ದೀರಿ ಎನ್ನುವುದು ಅವರ ತಕರಾರು. ಒಪ್ಪಂದ ಬಿದ್ದುಹೋಯಿತು.

ಪೊದ್ದಾರ್ ಆಮೇಲೆ ಏನು ಮಾಡಿದರು? ಅದೇ ರಸ್ತೆಯಲ್ಲಿ ಬೇರೆ ಜಾಗದಲ್ಲಿ, ಖಾಸಗಿ ಟ್ರಸ್ಟಿನ ಮೂಲಕ, ಐದು ಮಹಡಿಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಕಟ್ಟಿಸಿದರು. ಮ್ಯಾಪ್ ಎಂದು ಕರೆಯುತ್ತಾರೆ. ಹೊರಗೆ ನೀರಿನ ಟ್ಯಾಂಕಿನಂತೆ ಹೊಳೆಯುವ ಸ್ಟೀಲ್ ಹಲಗೆಗಳು. ಕೋವಿಡ್ ಅಡ್ಡಬಂದದ್ದರಿಂದ ಮೊದಲು 2020ರ ಡಿಸೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ತೆರೆಯಿತು, ಕಟ್ಟಡ ತೆರೆದದ್ದು 2023ರ ಫೆಬ್ರವರಿ 18ರಂದು. ಅವರ ಸ್ವಂತ ಸಂಗ್ರಹವೇ ಅದರ ಬೀಜ.

ನನಗೆ ಇದರಲ್ಲಿ ಎರಡು ಕಡೆಯೂ ಸರಿ ಕಾಣುತ್ತದೆ. ಹಣವಂತನೊಬ್ಬ ತನ್ನ ಸಂಗ್ರಹವನ್ನು ಊರಿಗೆ ತೆರೆದಿಟ್ಟರೆ ಅದು ಒಳ್ಳೆಯ ಕೆಲಸ, ಮುಖ ಸಿಂಡರಿಸಬೇಕಾಗಿಲ್ಲ. ಆದರೆ ಸರ್ಕಾರ ಜನರ ದುಡ್ಡಿನಲ್ಲಿ ಕಟ್ಟಿದ್ದನ್ನು ಒಂದು ಸಹಿಯಲ್ಲಿ ಹಸ್ತಾಂತರಿಸಲು ಬರುವುದಿಲ್ಲ ಎಂದು ಕಲಾವಿದರು ಹೇಳಿದ್ದೂ ಸರಿಯೇ. ಎರಡು ಸಂಸ್ಥೆಗಳೂ ಒಂದೇ ರಸ್ತೆಯಲ್ಲಿ ನಿಂತಿವೆ. ಒಂದಕ್ಕೆ ಸಂಪನ್ಮೂಲ ಇದೆ, ಇನ್ನೊಂದರ ಮೇಲೆ ಜನರಿಗೆ ಹಕ್ಕಿದೆ. ನಮ್ಮ ಹಿರಿಯರ ಸಂಗ್ರಹಕ್ಕೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಬೇಕು.

ಮಣಿಪಾಲದ ವಿಜಯನಾಥ ಶೆಣೈ ಅವರ ಹೆಸರು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಅವರು ಹಣವಂತರೇನಲ್ಲ, ಬ್ಯಾಂಕ್ ನೌಕರ. ಕರಾವಳಿಯ ಹಳೆಯ ಗುತ್ತಿನ ಮನೆಗಳನ್ನು ಕೆಡವಿ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಸೌದೆ ಲೆಕ್ಕದಲ್ಲಿ ಮಾರುತ್ತಿದ್ದ ಕಾಲ. ಅವನ್ನು ಕೊಂಡು ತಂದು ತಮ್ಮ ಮನೆಗೇ ಜೋಡಿಸಿದರು. ಹಸ್ತಶಿಲ್ಪ ಎಂದು ಆ ಮನೆಗೆ ಹೆಸರಿಟ್ಟರು. ನೋಡಲು ಬರುವ ಜನ ಹೆಚ್ಚಿದರು. ಆಮೇಲೆ ಟ್ರಸ್ಟು ಆಯಿತು, ಸುಮಾರು ಆರು ಎಕರೆಯಲ್ಲಿ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿದ ಹೆರಿಟೇಜ್ ವಿಲೇಜ್ ಆಯಿತು. 2017ರ ಮಾರ್ಚಿನಲ್ಲಿ ಅವರು ತೀರಿಕೊಂಡರು, ಹೆರಿಟೇಜ್ ವಿಲೇಜ್ ಉಳಿದಿದೆ. ಅವರು ಸಂಗ್ರಹಕ್ಕೆ ತಮ್ಮನ್ನು ಕೊಟ್ಟುಕೊಂಡರು. ದಿನದ ಇಪ್ಪತ್ತನಾಲ್ಕು ಗಂಟೆ, ದಶಕಗಳ ಕಾಲ. ನಮ್ಮಲ್ಲಿ ಯಾರಾದರೂ ಕೆಲಸ ಬಿಟ್ಟು ಹಾಗೆ ನಿಲ್ಲಲು ತಯಾರಿದ್ದರೆ ನಾನು ಇವತ್ತು ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಕೈ ಎತ್ತಿ ನೋಡೋಣ... ಸರಿ, ಮುಂದುವರೆಯೋಣ.

ಈಗ ನಮ್ಮ 140 ವಸ್ತುಗಳಿಗೆ ಬರುತ್ತೇನೆ. ಅವು ಈಗ ಇರುವುದು ಬೇಸ್‌ಮೆಂಟಿನಲ್ಲಿ. ನ್ಯೂಜರ್ಸಿಯ ಕನ್ನಡಿಗರ ಎಲ್ಲ ಅಮೂಲ್ಯ ವಸ್ತುಗಳೂ ಬೇಸ್‌ಮೆಂಟಿನಲ್ಲೇ ಇರುತ್ತವೆ, ಗೌರಿ ಹಬ್ಬದ ಡೆಕೋರೇಶನ್ನಿನ ಪಕ್ಕದಲ್ಲಿ. 2012ರ ಸ್ಯಾಂಡಿ, 2021ರ ಸೆಪ್ಟೆಂಬರ್ 1ರ ಐಡಾ, ಈ ಎರಡು ಮಳೆಗಳಲ್ಲಿ ಯಾರ ಯಾರ ಮನೆಯೊಳಗೆ ಎಷ್ಟು ಅಡಿ ನೀರು ನಿಂತಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಹೀಟಿಂಗಿನ ಒಣಗಾಳಿ, ಬೇಸಿಗೆಯಲ್ಲಿ ತೇವ. ಮೈಸೂರು ಚಿತ್ರದ ಚಿನ್ನದ ರೇಕಿನ ಕೆಳಗಿರುವ ಉಬ್ಬು ಕೆಲಸಕ್ಕೆ ಈ ಏರುಪೇರೇ ಶತ್ರು. ಹಿಗ್ಗುತ್ತದೆ, ಕುಗ್ಗುತ್ತದೆ, ಒಂದು ದಿನ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲ ಕೆಲಸ ಅತಿ ಸರಳ: ಅವನ್ನೆಲ್ಲ ಮೇಲಿನ ಮಹಡಿಗೆ ಸಾಗಿಸುವುದು, ಬಿಸಿಲು ಬೀಳದ ಕೋಣೆಗೆ.

ಎರಡನೆಯದು ಕಾಗದಪತ್ರ. ನಮ್ಮ ದೇಶದ ಪುರಾತನ ವಸ್ತುಗಳ 1972ರ ಕಾಯಿದೆ ನೂರು ವರ್ಷ ದಾಟಿದ ವಸ್ತುಗಳನ್ನು, ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವುದನ್ನು ನಿಷೇಧಿಸುತ್ತದೆ. ಇಲ್ಲಿನ ಆರ್ಟ್ ಮ್ಯೂಸಿಯಂ ನಿರ್ದೇಶಕರ ಸಂಘ 2008ರಲ್ಲಿ ಮಾಡಿಕೊಂಡ ಮಾರ್ಗಸೂಚಿಯ ಪ್ರಕಾರ ಪುರಾತನ ವಸ್ತು 1970ಕ್ಕೆ ಮೊದಲು ಎಲ್ಲಿತ್ತು ಎಂದು ಕೇಳುತ್ತಾರೆ. ಮ್ಯಾನ್‌ಹಟನ್ನಿನಲ್ಲಿ ಅಂಗಡಿಯಿಟ್ಟಿದ್ದ ಸುಭಾಷ್ ಕಪೂರ್ ತಮಿಳುನಾಡಿನ ಗುಡಿಗಳ ವಿಗ್ರಹ ಕಳವಿನ ಪ್ರಕರಣದಲ್ಲಿ 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ ಮೇಲೆ ಇವರ ಎಚ್ಚರ ಇನ್ನೂ ಹೆಚ್ಚಿದೆ. ನಮ್ಮ ಹಿರಿಯರ ವಸ್ತುಗಳಲ್ಲಿ ಹೆಚ್ಚಿನವು ಅವರ ಕಾಲದಲ್ಲೇ ಮಾಡಿಸಿದವು, ಮಾಡಿದವರ ಹೆಸರೂ ಅವರಿಗೆ ನೆನಪಿದೆ. ಎರಡು ದೀಪಗಳ ಬಗ್ಗೆ ಮಾತ್ರ ಅವರಿಗೇ ಖಾತ್ರಿಯಿಲ್ಲ. ಅವು ನಿಜಕ್ಕೂ ಹಳೆಯವಾದರೆ ಅವನ್ನು ಇಲ್ಲಿಯ ಯಾವ ಮ್ಯೂಸಿಯಮ್ಮಿಗೂ ಕೊಡಲು ಹೋಗಬಾರದು, ಊರಿಗೇ ವಾಪಸ್ ಕಳಿಸುವ ದಾರಿ ನೋಡಬೇಕು ಎನ್ನುವುದು ನನ್ನ ನಿಲುವು. ಇದನ್ನು ಅವರಿಗೂ ಹೇಳಿದೆ. ಬೇಸರ ಮಾಡಿಕೊಂಡರು, ಆದರೆ ಇಲ್ಲ ಅನ್ನಲಿಲ್ಲ.

ಟ್ಯಾಕ್ಸ್ ಬಗ್ಗೆ ಕೇಳುವವರು ಇದ್ದೇ ಇರುತ್ತೀರಿ, ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. 5,000 ಡಾಲರಿಗಿಂತ ಹೆಚ್ಚು ಬೆಲೆಯ ವಸ್ತು ದಾನ ಮಾಡಿ ತೆರಿಗೆ ವಿನಾಯಿತಿ ಕೇಳುವುದಾದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ಉಳಿದದ್ದು ನಿಮ್ಮ ಸಿಪಿಎ ಹೇಳುತ್ತಾರೆ.

ಮೂರನೆಯದು ನನ್ನ ಕಸುಬಿನದು, ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ. ಹಿರಿಯರು ತಮ್ಮ ಪಟ್ಟಿಯನ್ನು ಇಪ್ಪತ್ತು ವರ್ಷದ ಹಿಂದೆಯೇ ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಮಾಡಿಟ್ಟಿದ್ದರು. ಸಂತೋಷದಿಂದ ಫೈಲು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಶೇಕಡಾ ಚಿಹ್ನೆ, ಬ್ರಾಕೆಟ್ಟುಗಳ ಕಲಸುಮೇಲೋಗರ. ಯೂನಿಕೋಡ್ ಬರುವ ಮುಂಚಿನ ಫಾಂಟು. ಪರಿವರ್ತಕಕ್ಕೆ ಹಾಕಿ, ಉಳಿದ ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಿ, ಮೂರು ರಾತ್ರಿಯಲ್ಲಿ ಪಟ್ಟಿ ಎದ್ದುಬಂತು. ಎದ್ದುಬಂದ ಮೇಲೆ ನೋಡಿದರೆ ಅದೇ ನಿಜವಾದ ನಿಧಿ. ಒಂದು ಕೌದಿಯ ಮುಂದೆ ಅವರು ಬರೆದಿದ್ದಾರೆ: ಯಾರು ಹೊಲಿದರು, ಯಾವ ಊರು, ಯಾರ ಬಾಣಂತನಕ್ಕೆ, ಯಾವ ಸೀರೆಯ ತುಂಡು ಎಲ್ಲಿದೆ. ಇದೇ ಕೌದಿ ಹಾಗೇ ಹೋಗಿ ಇಲ್ಲಿಯ ಒಂದು ದೊಡ್ಡ ಉಗ್ರಾಣ ಸೇರಿದರೆ ಕಾರ್ಡಿನ ಮೇಲೆ ಬರುವುದು ಇಷ್ಟೇ: ಹತ್ತಿಯ ಹೊದಿಕೆ, ದಕ್ಷಿಣ ಭಾರತ, ಇಪ್ಪತ್ತನೇ ಶತಮಾನ. ಕೌದಿ ಉಳಿಯುತ್ತದೆ, ಆದರೆ ಕೌದಿ ಎಂಬ ಪದ ಸಾಯುತ್ತದೆ. ಮುಂದೆ ಒಬ್ಬಳು ಧಾರವಾಡದ ಹುಡುಗಿ ಆ ಡೇಟಾಬೇಸಿನಲ್ಲಿ ಕೌದಿ ಎಂದು ಕನ್ನಡದಲ್ಲಿ ಹುಡುಕಿದರೆ ಉತ್ತರ ಸೊನ್ನೆ.

ಹಾಗಾಗಿ ನಾನು ಹಿರಿಯರಿಗೆ ಒಂದು ಮಾತು ಕೇಳಿಕೊಂಡಿದ್ದೇನೆ. ಅವರಿಗೆ ಮೂರು ಆಸೆಗಳಿದ್ದವು: ಎಲ್ಲ ವಸ್ತುಗಳೂ ಒಂದೇ ಕೋಣೆಯಲ್ಲಿ ಇರಬೇಕು, ಸದಾ ಪ್ರದರ್ಶನದಲ್ಲಿರಬೇಕು, ಬಾಗಿಲ ಮೇಲೆ ಅವರ ದಿವಂಗತ ಪತ್ನಿಯ ಹೆಸರಿರಬೇಕು. ಮೊದಲಿನ ಎರಡು ಷರತ್ತು ಹಾಕಿದರೆ ಯಾವ ಒಳ್ಳೆಯ ಮ್ಯೂಸಿಯಮ್ಮೂ ಒಪ್ಪುವುದಿಲ್ಲ. ಕಾಗದದ ಮೇಲಿನ ಚಿತ್ರವನ್ನು ಸದಾ ಬೆಳಕಿನಲ್ಲಿ ಇಡುವುದು ಚಿತ್ರಕ್ಕೇ ಒಳ್ಳೆಯದಲ್ಲ. ಅವೆರಡನ್ನು ಬಿಟ್ಟು, ಅದರ ಬದಲು ಎರಡು ವಿಷಯವನ್ನು ದಾನಪತ್ರದಲ್ಲಿ ಬರೆಸೋಣ ಎಂದೆ. ಪ್ರತಿ ವಸ್ತುವಿನ ದಾಖಲೆಯಲ್ಲೂ ಕನ್ನಡ ಲಿಪಿಯಲ್ಲಿ ಕನ್ನಡದ ಹೆಸರು ಮತ್ತು ಅವರ ಟಿಪ್ಪಣಿ ಇರಬೇಕು. ಎಲ್ಲ ಫೋಟೋ ಮತ್ತು ದಾಖಲೆಗಳ ಒಂದು ಪ್ರತಿ ಯಾರು ಬೇಕಾದರೂ ಬಳಸುವಂತೆ ಇಂಟರ್ನೆಟ್ಟಿನಲ್ಲಿ ಮುಕ್ತವಾಗಿರಬೇಕು. ಪತ್ನಿಯ ಹೆಸರು ಪ್ರತಿ ದಾಖಲೆಯಲ್ಲೂ ಬರುತ್ತದೆ. ಒಂದು ಬಾಗಿಲಿನ ಬದಲು 140 ಕಡೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಕೌದಿಯೇ ಹೆಚ್ಚು ಇಷ್ಟ, ಅದರಿಂದಲೇ ಶುರು ಮಾಡು" ಎಂದರು.

ವಸ್ತುಗಳು ಎಲ್ಲಿಗೆ ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಲವು ಕರ್ನಾಟಕದ ಸಂಸ್ಥೆಗೆ, ಕೆಲವು ಇಲ್ಲಿಯ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿಗೆ ಎಂಬುದು ನನ್ನ ಸಲಹೆ. ಎಲ್ಲವೂ ಊರಿಗೇ ಹೋಗಬೇಕು ಎನ್ನುವವರು ನಮ್ಮಲ್ಲಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯ ಫೀಲ್ಡ್ ಟ್ರಿಪ್ಪಿಗೆ ಹೋದಾಗ ಒಂದು ತೊಗಲುಗೊಂಬೆಯ ಕೆಳಗೆ ತಮ್ಮ ಅಜ್ಜಿಯ ಲಿಪಿ ನೋಡುವುದೂ ಬೇಕು. ಇದರ ಬಗ್ಗೆ ಮಾತು ಮುಗಿದ ಮೇಲೆ ಧಾರಾಳವಾಗಿ ಜಗಳ ಆಡೋಣ, ಕಾಫಿ ಇದೆ.

ಸದ್ಯಕ್ಕೆ ಬೇಕಾದ ಸಹಾಯ ಹೇಳಿ ನಿಲ್ಲಿಸುತ್ತೇನೆ. ಮನೆ ಮಾರಾಟಕ್ಕೆ ಬರಲು ಏಳು ತಿಂಗಳು ಇದೆ. ಫೋಟೋ ತೆಗೆಯಲು ಒಳ್ಳೆಯ ಕ್ಯಾಮೆರಾ ಇರುವ ಇಬ್ಬರು ಬೇಕು. ಹಿರಿಯರ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ ಕನ್ನಡದಲ್ಲಿ ಟೈಪ್ ಮಾಡುವವರು ನಾಲ್ವರು ಬೇಕು. ಒಬ್ಬ ವಕೀಲರು, ದಾನಪತ್ರ ಓದಿನೋಡಲು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು, ಒಂದು ದಿನಕ್ಕೆ ಎಂಟು ವಸ್ತು, ಹದಿನೆಂಟು ಶನಿವಾರ. ಹೆಸರು ಕೊಡುವ ಹಾಳೆ ಬಾಗಿಲ ಹತ್ತಿರ ಇದೆ, ಪೆನ್ನೂ ಇದೆ.